ಮಳೆಗಾಲಕ್ಕೆ ದೋಣಿ ಎತ್ತಿಡುವುದು ಹೇಗೆ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟ. ದೊಡ್ಡ ಕೆರೆ ಇದೆ. ಮೂರು ವರ್ಷದ ಹಿಂದೆ 12 ಅಡಿಯ ಫೈಬರ್ ದೋಣಿ, 8 ಎಚ್‌ಪಿಯ ಎರಡು ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಕಚ್ಚಿಸುವ) ಎಂಜಿನ್ ತಗೊಂಡೆ. ಕೈಯಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಅಕ್ಟೋಬರ್‌ನಿಂದ ಮೇವರೆಗೆ ಓಡಿಸುತ್ತೇವೆ, ಆಮೇಲೆ ನಾಲ್ಕೈದು ತಿಂಗಳು ಮುಟ್ಟುವುದಿಲ್ಲ. ಕಳೆದ ವರ್ಷ ಕೆರೆ ದಡದಲ್ಲೇ ಟಾರ್ಪಾಲ್ ಬಿಗಿಯಾಗಿ ಕಟ್ಟಿ ಇಟ್ಟಿದ್ದೆ. ಮಳೆ ಮುಗಿದ ಮೇಲೆ ಬಿಚ್ಚಿದರೆ ಒಳಗೆ ಅರ್ಧ ನೀರು, ಲೈಫ್ ಜಾಕೆಟ್ ತುಂಬಾ ಬೂಷ್ಟು, ಎಂಜಿನ್ ಸ್ಟಾರ್ಟೇ ಆಗಲಿಲ್ಲ. ನಮ್ಮ ಮಾವ ಟ್ಯಾಂಕ್ ತುಂಬಾ ಪೆಟ್ರೋಲ್ ಹಾಕಿ ಇಡು ಅನ್ನುತ್ತಾರೆ. ವಿಡಿಯೊಗಳಲ್ಲಿ ಆಂಟಿಫ್ರೀಜ್ ಹಾಕಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆಂಟಿಫ್ರೀಜ್ ವಿಷಯ ಮುಗಿಸಿಬಿಡೋಣ. ಅದು ನಿಮಗೆ ಬೇಡ. ಆ ವಿಡಿಯೊಗಳು ಹಿಮ ಬೀಳುವ ದೇಶದವರದ್ದು. ಅಲ್ಲಿ ಎಂಜಿನ್ ಒಳಗೆ ಉಳಿದ ನೀರು ಮಂಜುಗಡ್ಡೆ ಆಗುತ್ತದೆ, ಹಿಗ್ಗಿ ಲೋಹವನ್ನೇ ಸೀಳುತ್ತದೆ. ಅವರಿಗೆ ದೋಣಿ ಎತ್ತಿಡುವ ಕಾಲ ಚಳಿಗಾಲ. ನಮಗೆ ಮಳೆಗಾಲ. ನಮ್ಮಲ್ಲಿ ನೀರು ಹೆಪ್ಪುಗಟ್ಟಿ ದೋಣಿ ಹಾಳಾಗುವುದಿಲ್ಲ, ನೀರು ಒಣಗದೆ ಹಾಳಾಗುತ್ತದೆ. ಮೇಲಿಂದ ಸುರಿಯುವ ನೀರು ಒಂದು, ಗಾಳಿಯಲ್ಲೇ ಇರುವ ನೀರು ಇನ್ನೊಂದು. ಟಾರ್ಪಾಲ್ ಬಿಗಿದು ಕಟ್ಟಿದಾಗ ನೀವು ಮೊದಲನೆಯದನ್ನು ಪೂರ್ತಿ ತಡೆಯಲಿಲ್ಲ, ಎರಡನೆಯದನ್ನು ಒಳಗೇ ಕೂಡಿಹಾಕಿದಿರಿ. ಅದಕ್ಕೇ ಬೂಷ್ಟು ಬಂತು.

ಕೊಡಗಿನವರಿಗೆ ಮಳೆಯನ್ನು ಇಂಚಿನಲ್ಲಿ ಹೇಳಿದರೇ ಅರ್ಥ ಆಗುವುದು, ಹಾಗಾಗಿ ಇಂಚಿನಲ್ಲೇ ಲೆಕ್ಕ ಹಾಕೋಣ. 12 ಅಡಿ ಉದ್ದ, 4 ಅಡಿ ಅಗಲದ ದೋಣಿ ಬಾಯಿ ತೆರೆದು ಮಲಗಿದ್ದರೆ ಒಂದು ಇಂಚು ಮಳೆಗೆ ಅದರೊಳಗೆ ಹತ್ತಿರ ಹತ್ತಿರ 100 ಲೀಟರ್ ನೀರು ನಿಲ್ಲುತ್ತದೆ. ಅಂದರೆ 100 ಕೆಜಿ. ಒಂದೇ ದಿನ ಐದು ಇಂಚು ಬಿದ್ದರೆ ಅರ್ಧ ಟನ್. ನೀರಿನ ಮೇಲಿದ್ದಾಗ ದೋಣಿಯನ್ನು ಕೆರೆ ಎಲ್ಲ ಕಡೆಯಿಂದ ಸಮವಾಗಿ ಹೊತ್ತಿರುತ್ತದೆ. ನೆಲದ ಮೇಲೆ ಎರಡು ಕಲ್ಲಿನ ಮೇಲೆ ಕೂರಿಸಿ ಒಳಗೆ ಅರ್ಧ ಟನ್ ತುಂಬಿದರೆ ಆ ಭಾರವೆಲ್ಲ ಕಲ್ಲು ತಾಗುವ ಜಾಗಕ್ಕೇ ಬೀಳುತ್ತದೆ. ಪೊನ್ನಂಪೇಟೆ ಕಡೆ ಒಂದು ತೋಟದಲ್ಲಿ ನಾನು ನೋಡಿದ ದೋಣಿಯ ತಳ ಕಲ್ಲಿದ್ದ ಕಡೆ ಒಳಕ್ಕೆ ಬಾಗಿ, ಫೈಬರ್ ಪದರ ಬಿಟ್ಟುಕೊಂಡು, ಬಿಳಿ ಗೆರೆ ಎದ್ದಿತ್ತು. ಓಡಿಸಿ ಆದ ಗಾಯ ಅಲ್ಲ ಅದು. ಸುಮ್ನೆ ಇಟ್ಟು ಆದದ್ದು.

ಆದ್ದರಿಂದ ನಿಮ್ಮ ದೋಣಿಗೆ ನಾನು ಹೇಳುವುದು ಒಂದೇ: ಬೋರಲು ಹಾಕಿ. ಹರಿಗೋಲು ಇಟ್ಟುಕೊಂಡ ಹಳಬರು ಅದನ್ನು ದಡಕ್ಕೆ ತಂದು ಕವುಚಿ ಇಡುವುದನ್ನು ನೋಡಿದ್ದೀರಲ್ಲ, ಅದೇ ಬುದ್ಧಿ. 12 ಅಡಿಯದ್ದಾದರೆ ಐದಾರು ಜನ ಸೇರಿದರೆ ತಿರುಗಿಸಬಹುದು. ಎಂಜಿನ್, ಬ್ಯಾಟರಿ, ಸೀಟು ಎಲ್ಲ ಮೊದಲೇ ಇಳಿಸಿ.

ಕೆಲಸ ಯಾವಾಗ ಶುರು ಮಾಡಬೇಕು ಅಂದರೆ, ಮೇ ಮೂರನೇ ವಾರ. ಮೃಗಶಿರ ಮಳೆ ಹಿಡಿದ ಮೇಲೆ ದೋಣಿ ಒಣಗಿಸುವುದು ಆಗದ ಮಾತು. ಎರಡು ಮೂರು ದಿನ ಒಳ್ಳೆ ಬಿಸಿಲು ಸಿಗುವಾಗಲೇ ಎತ್ತಬೇಕು. ದಡಕ್ಕೆ ಎಳೆದ ತಕ್ಷಣ, ಇನ್ನೂ ಒದ್ದೆ ಇರುವಾಗಲೇ, ತಳದ ಪಾಚಿ ತೊಳೆಯಿರಿ. ಒದ್ದೆ ಪಾಚಿ ತೆಂಗಿನ ನಾರಿಗೆ ಬಂದುಬಿಡುತ್ತದೆ. ಒಣಗಲು ಬಿಟ್ಟರೆ ಸಿಮೆಂಟಿನ ಹಾಗೆ ಹಿಡಿಯುತ್ತದೆ, ಆಮೇಲೆ ಯಾರಾದರೂ ತಂತಿ ಬ್ರಷ್ ತಗೊಂಡು ಮೇಲಿನ ಹೊಳಪಿನ ಪದರವನ್ನೇ ಕೆರೆದು ಹಾಕುತ್ತಾರೆ. ಪಾತ್ರೆ ಸೋಪಿನ ನೀರು ಸಾಕು, ಆಸಿಡ್ ಬೇಡ. ಗೀರು, ಒಡಕು ಕಂಡರೆ ಒಣಗಿದ ಮೇಲೆ ಮೇ ತಿಂಗಳಲ್ಲೇ ಪ್ಯಾಚ್ ಹಾಕಿಸಿ. ಆಗದಿದ್ದರೆ ಅಕ್ಟೋಬರ್‌ವರೆಗೆ ಕಾಯಿರಿ. ಮಳೆಯ ತೇವದಲ್ಲಿ ಹಾಕಿದ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗೇ ಉಳಿಯುತ್ತದೆ.

ತೊಳೆದ ಮೇಲೆ ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಹತ್ತಿರ ಐದು ನಿಮಿಷ ಕೂತುಕೊಳ್ಳಿ. ಹೆಚ್ಚಿನ ಫೈಬರ್ ದೋಣಿಗಳಲ್ಲಿ ಆ ಹಲಗೆ ಬರೀ ಫೈಬರ್ ಅಲ್ಲ, ನಡುವೆ ಪ್ಲೈವುಡ್ ಇರುತ್ತದೆ. ಕ್ಲ್ಯಾಂಪ್ ಕಚ್ಚಿದ ಗುರುತು, ಬೋಲ್ಟಿನ ತೂತು, ಇಲ್ಲಿಂದ ನೀರು ಒಳಗೆ ಇಳಿಯುತ್ತದೆ. ಒಂದು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದರೆ ಮರ ಚೆನ್ನಾಗಿದೆ. ಒಂದು ಕಡೆ ಸದ್ದು ಸತ್ತುಹೋಗಿ ಡಬ್ ಅಂತ ಬಂದರೆ ಅಲ್ಲಿ ಒಳಗೆ ಕೊಳೆತಿದೆ. ತೂತಿನ ಬೋಲ್ಟ್ ಬಿಚ್ಚಿದಾಗ ಕಂದು ನೀರು ಇಳಿದರೆ ಇನ್ನು ಅನುಮಾನ ಬೇಡ, ಬಿಚ್ಚಿಸಿ ಸರಿಮಾಡಿಸಲೇಬೇಕು. 8 ಎಚ್‌ಪಿ ಎಂಜಿನ್ನಿನ ಪೂರ್ತಿ ತಳ್ಳುವ ಬಲ ಆ ಹಲಗೆಯ ಮೇಲೆ. ಚೆನ್ನಾಗಿದ್ದರೆ ಬೋಲ್ಟ್ ಬಿಚ್ಚಿಟ್ಟು ಬಿಸಿಲಿಗೆ ತೂತು ಒಣಗಲು ಬಿಡಿ, ಆಮೇಲೆ ದೋಣಿಗೆ ಬಳಸುವ ಸೀಲಂಟ್ ತುಂಬಿ ಬಿಗಿಯಿರಿ.

ತಳದ ಬಿರಡೆ ತೆಗೆಯಿರಿ. ಬೋರಲು ಹಾಕಿದರೂ ತೆಗೆಯಿರಿ, ಗಾಳಿ ಆಡಲಿ. ತೆಗೆದ ಬಿರಡೆಯನ್ನು ಜೇಬಿಗೆ ಹಾಕಬೇಡಿ, ಕಿಟಕಿ ಮೇಲೆ ಇಡಬೇಡಿ. ಎಂಜಿನ್ನಿನ ಹಿಡಿಗೆ ದಾರದಲ್ಲಿ ಕಟ್ಟಿ. ಎಂಜಿನ್ ಇಲ್ಲದೆ ದೋಣಿ ಹೊರಡುವುದಿಲ್ಲ, ಹಾಗಾಗಿ ಬಿರಡೆಯೂ ಮರೆತುಹೋಗುವುದಿಲ್ಲ.

ಇಡುವ ಜಾಗ. ಕೆರೆ ದಡ ಬೇಡವೇ ಬೇಡ. ತುಂಬಿದ ಕೆರೆ ಎಲ್ಲಿಯವರೆಗೆ ಬರುತ್ತದೆ ಅನ್ನುವುದು ನಿಮಗಿಂತ ತೋಟದ ಹಳೇ ಕೆಲಸದವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ. ಹೊಳೆ ಬದಿ ಇರುವವರಿಗೆ ಇದು ಇನ್ನೂ ಮುಖ್ಯ. 2018ರಲ್ಲೂ 2019ರಲ್ಲೂ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿದ್ದನ್ನು ನೋಡಿದ್ದೇವೆ, ದಡದ ದೋಣಿ ಯಾವ ಲೆಕ್ಕ. ಸಿಲ್ವರ್ ಓಕ್ ಕೆಳಗೂ ಬೇಡ, ಜುಲೈ ಗಾಳಿಗೆ ಕೊಂಬೆ ಮುರಿಯುತ್ತದೆ. ಹಲಸಿನ ಮರದ ಹತ್ತಿರವಂತೂ ಇಡಲೇಬೇಡಿ. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಿನ ವಾಸನೆಗೆ ಆನೆ ಬಂದರೆ ದಾರಿಯಲ್ಲಿ ಅಡ್ಡ ಇರುವ ದೋಣಿಯನ್ನು ಸುತ್ತಿ ಹೋಗಬೇಕು ಅಂತೇನಿಲ್ಲ.

ಶೆಡ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಎತ್ತರದ ಜಾಗದಲ್ಲಿ ಎರಡು ತೊಲೆ ಅಡ್ಡ ಹಾಕಿ, ಕೆಳಗೆ ಹಾಲೋ ಬ್ಲಾಕ್ ಇಟ್ಟು ನೆಲದಿಂದ ಒಂದೂವರೆ ಅಡಿ ಎತ್ತರ ಮಾಡಿ. ತೊಲೆಗಳು ಎರಡು ತುದಿಯಿಂದ ಸುಮಾರು ಮೂರು ಮೂರು ಅಡಿ ಒಳಗೆ ಬರಲಿ. ಎರಡೂ ಒಂದೇ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ನಾಲ್ಕು ತಿಂಗಳಲ್ಲಿ ದೋಣಿ ಸೊಟ್ಟಕ್ಕೆ ತಿರುಚಿಕೊಳ್ಳುತ್ತದೆ. ತೊಲೆಯ ಮೇಲೆ ಹಳೇ ಟೈರಿನ ತುಂಡು ಹಾಕಿ. ನೆಲದಿಂದ ಎತ್ತರ ಏಕೆ ಅಂದರೆ ಗಾಳಿ ಕೆಳಗಿನಿಂದ ಹಾದುಹೋಗಬೇಕು, ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಹತ್ತಿದರೆ ನಿಮ್ಮ ಕಣ್ಣಿಗೆ ಬೀಳಬೇಕು. ಗೆದ್ದಲಿಗೆ ಫೈಬರ್ ಬೇಡ, ಅದರೊಳಗಿನ ಪ್ಲೈವುಡ್ ಬೇಕು. ದೋಣಿಯ ಮೇಲೆ ಹಗ್ಗ ಹಾಯಿಸಿ ನೆಲದ ಗೂಟಕ್ಕೆ ಕಟ್ಟಿ, ಗಾಳಿಗೆ ಮಗುಚದಿರಲಿ. ಟಾರ್ಪಾಲ್ ಹಾಕುವುದಾದರೆ ಮನೆ ಸೂರಿನ ಹಾಗೆ ಬಿದಿರಿನ ಮೇಲೆ ಇಳಿಜಾರಾಗಿ ಹಾಕಿ, ಪಕ್ಕ ತೆರೆದಿರಲಿ. ಮೈಗೆ ಅಂಟಿಸಿ ಸುತ್ತಬೇಡಿ.

ಈಗ ಎಂಜಿನ್. ನಿಮ್ಮ ತೊಂದರೆ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಇದೆ.

ನಿಮ್ಮ ಮಾವ ಹೇಳಿದ ಮಾತಿಗೆ ಒಂದು ಕಾರಣ ಇದೆ. ಹಳೇ ಕಬ್ಬಿಣದ ಟ್ಯಾಂಕ್ ಅರ್ಧ ಖಾಲಿ ಇದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಯಾಗಿ ತುಕ್ಕು ಹಿಡಿಯುತ್ತಿತ್ತು. ತುಂಬಿಸಿಟ್ಟರೆ ಗಾಳಿಗೆ ಜಾಗ ಇರುತ್ತಿರಲಿಲ್ಲ. ಆದರೆ ಈಗಿನ ಪೆಟ್ರೋಲ್ ಬೇರೆ. 2023ರಿಂದ ಬಂಕ್‌ಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬರಲು ಶುರುವಾಯಿತು. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿ ಹೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಪೈಪು ಎಳೆಯುವುದೂ ತಳದಿಂದಲೇ. ಹಾಗೆ ಬೇರ್ಪಟ್ಟದ್ದನ್ನು ಯಾವ ಔಷಧಿ ಹಾಕಿದರೂ ಮೊದಲಿನ ಹಾಗೆ ಮಾಡಲಾಗುವುದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಆರಿ ಅಂಟು ಆಗುತ್ತದೆ, ಅದರ ಸೂಜಿ ಮೊನೆಯಷ್ಟು ಸಣ್ಣ ತೂತು, ಅಂದರೆ ಜೆಟ್, ಮುಚ್ಚಿಹೋಗುತ್ತದೆ. ಕಳೆದ ವರ್ಷ ನಿಮ್ಮ ಎಂಜಿನ್ ಸ್ಟಾರ್ಟ್ ಆಗದ್ದಕ್ಕೆ ಕಾರಣ ಹೆಚ್ಚುಕಮ್ಮಿ ಇದೇ ಇರಬೇಕು. ಹುಲ್ಲು ಹೊಡೆಯುವ ಮೆಷಿನ್ನಿಗೂ ಹೀಗೇ ಆಗಿರಬೇಕು, ನೋಡಿ.

ನಿಮ್ಮದು ಕೈಯಲ್ಲಿ ಎತ್ತುವ ಪ್ಲಾಸ್ಟಿಕ್ ಟ್ಯಾಂಕ್ ಆಗಿದ್ದರೆ ಖಾಲಿ ಮಾಡುವುದೇ ಸರಿ. ಕೊನೆಯ ವಾರ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ತುಂಬಿಸಿ ಓಡಿಸಿ ಮುಗಿಸಿ. ಉಳಿದ ಪೆಟ್ರೋಲ್-ಆಯಿಲ್ ಮಿಶ್ರಣವನ್ನು ಹುಲ್ಲು ಹೊಡೆಯುವ ಮೆಷಿನ್ನಿಗೆ ಸುರಿಯಬೇಡಿ. ಔಟ್‌ಬೋರ್ಡ್‌ಗೆ ಹಾಕುವ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಣ್ಣಗಾಗುವ ಮೆಷಿನ್ ಅದಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ, ಅದರ ಆಯಿಲ್ ಬೇರೆ.

ಆಮೇಲೆ ಎಂಜಿನ್ನನ್ನು ಡ್ರಮ್ಮಿನಲ್ಲಿ ನಿಲ್ಲಿಸಿ ಶುದ್ಧ ನೀರಿನಲ್ಲಿ ಹತ್ತು ನಿಮಿಷ ಓಡಿಸಬೇಕು. ಪ್ರೊಪೆಲ್ಲರಿನ ಮೇಲಿರುವ ಅಗಲದ ತಟ್ಟೆ ಮುಳುಗುವಷ್ಟು ನೀರು ಇರಲಿ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ನಮ್ಮ ಕೆರೆಗಳಲ್ಲಿ ಉಪ್ಪಿಲ್ಲ, ಆದರೆ ಮಣ್ಣು, ಮರಳು ಇದೆ. ಅದು ನೀರಿನ ದಾರಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಇಲ್ಲಿ ಒಂದು ಮಾತು ಗಮನ ಇಟ್ಟು ಕೇಳಿ. ಮೇ ತಿಂಗಳಲ್ಲಿ ತೋಟದಲ್ಲಿ ಕಣ್ಣಿಗೆ ಬೀಳುವ ಡ್ರಮ್ ಯಾವುದು? ಬೋರ್ಡೊ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ) ಕಲಸಿದ್ದು. ಆ ಡ್ರಮ್ ಬೇಡ. ಮೈಲುತುತ್ತ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಔಟ್‌ಬೋರ್ಡಿನ ಮೈಯೆಲ್ಲ ಅಲ್ಯೂಮಿನಿಯಂ. ಎಷ್ಟು ತೊಳೆದರೂ ಡ್ರಮ್ಮಿನ ಅಂಚಿನಲ್ಲಿ ನೀಲಿ ಪುಡಿ ಉಳಿದಿರುತ್ತದೆ. ಬೇರೆ ಡ್ರಮ್ ತನ್ನಿ.

ನೀರಿಲ್ಲದೆ ಒಂದೇ ಒಂದು ಸಲವೂ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಪರೀಕ್ಷೆಗೆ ಅಂತಲೂ ಬೇಡ. ನೀರೆಳೆಯುವ ರಬ್ಬರ್ ಇಂಪೆಲ್ಲರ್‌ಗೆ ನೀರೇ ಜಾರುವ ಎಣ್ಣೆ. ಒಣಗಿ ತಿರುಗಿದರೆ ಕೆಲವು ಸೆಕೆಂಡಿನಲ್ಲೇ ರೆಕ್ಕೆಗಳು ಸುಟ್ಟುಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಅದನ್ನು ಹೇಗೂ ಬದಲಾಯಿಸಿ. ನಿಮ್ಮದು ಮೂರು ವರ್ಷ ಆಯಿತು, ಈ ಸಲವೇ ಹಾಕಿಸಿ.

ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ. ಕಾರ್ಬ್ಯುರೇಟರಿನಲ್ಲಿ ಇರುವಷ್ಟು ಕುಡಿದು ತಾನೇ ನಿಲ್ಲುತ್ತದೆ. ನಿಂತ ಮೇಲೂ ಬಟ್ಟಲಿನ ತಳದಲ್ಲಿ ಸ್ವಲ್ಪ ಇರುತ್ತದೆ, ಅದರ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಇಳಿಸಿ ನೋಡಿ. ತಳದಲ್ಲಿ ಬೇರೆ ಗೋಲಿಯ ಹಾಗೆ ಹನಿ ನಿಂತರೆ ಅದು ನೀರು.

ಈಗ ಸಿಲಿಂಡರಿಗೆ ಎಣ್ಣೆ. ಇದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಗದ್ದೆ ಕೆಲಸದ ಕಾಲಕ್ಕೆ ಕೋವಿ ಒಳಗಿಟ್ಟು, ನಾಟಿ ಮುಗಿದ ಮೇಲೆ ಕೈಲ್ ಪೊಳ್ದ್ ಹಬ್ಬಕ್ಕೆ ಹೊರತೆಗೆದು ಪೂಜೆ ಮಾಡುವ ಊರು ನಮ್ಮದು. ಕೋವಿಯ ನಳಿಗೆಗೆ ಎಣ್ಣೆ ಸವರದೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇಡುತ್ತೀರಾ? ಸಿಲಿಂಡರ್ ಗೋಡೆಯೂ ಹಾಗೇ, ನುಣುಪಾದ ಬರಿ ಲೋಹ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಬೇರಿಂಗ್‌ಗಳಿಗೂ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಗತಿ ಇಲ್ಲ, ಕೆಳಗೆ ಆಯಿಲ್ ತುಂಬಿದ ತೊಟ್ಟಿ ಇರುವುದಿಲ್ಲ. ಎಂಜಿನ್ ಆಫ್ ಮಾಡುವ ಸುರಕ್ಷತಾ ಕ್ಲಿಪ್ ತೆಗೆದಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಟೀ ಚಮಚ ಅದೇ ಟಿಸಿ-ಡಬ್ಲ್ಯೂ3 ಆಯಿಲ್ ಬಿಡಿ. ಹಗ್ಗವನ್ನು ಮೆಲ್ಲಗೆ ನಾಲ್ಕೈದು ಸಲ ಎಳೆಯಿರಿ, ಪ್ಲಗ್ ವಾಪಸ್ ಹಾಕಿ. ಫಾಗಿಂಗ್ ಆಯಿಲ್ ಅನ್ನುವ ಸ್ಪ್ರೇ ಸಿಕ್ಕರೆ ಇನ್ನೂ ಚೆನ್ನ. ಪೈಪ್ ಕಳಚಿದ ಮೇಲೆ ಎಂಜಿನ್ ನಿಲ್ಲುವ ಮುಂಚೆ ಕಾರ್ಬ್ಯುರೇಟರಿನ ಬಾಯಿಗೆ ಹೊಡೆದರೆ ಬೇರಿಂಗಿನವರೆಗೂ ಹೋಗುತ್ತದೆ.

ಗೇರ್ ಆಯಿಲ್ ಬದಲಾಯಿಸುವುದನ್ನು ಅಕ್ಟೋಬರಿಗೆ ಅಂತ ಬಿಡಬೇಡಿ. ಕೆಳಗೆ ಬಿಳಿ ಬೇಸಿನ್ ಇಟ್ಟು ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು ಬಿಚ್ಚಿ. ಮೊದಲು ಬರುವ ನಾಲ್ಕು ಹನಿಯನ್ನೇ ನೋಡಬೇಕು, ನೀರು ಭಾರ, ತಳದಲ್ಲಿ ಕೂತಿರುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ನೀರು ಒಳಗೆ ಸೇರುತ್ತಿದೆ. ಹಾಗೇ ಬಿಟ್ಟರೆ ನಾಲ್ಕು ತಿಂಗಳು ಗೇರು, ಬೇರಿಂಗು ನೀರಲ್ಲೇ ನೆನೆಯುತ್ತವೆ. ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ಗಾಳದ ನೈಲಾನ್ ದಾರ ಸುತ್ತಿಕೊಂಡಿದೆಯಾ ನೋಡಿ, ಸೀಲ್ ಕತ್ತರಿಸುವುದು ಹೆಚ್ಚಾಗಿ ಅದೇ. ಹೊಸ ಆಯಿಲ್ ಕೆಳಗಿನ ತೂತಿನಿಂದಲೇ ಮೇಲಕ್ಕೆ ತುಂಬಿಸಿ, ಮೇಲಿನ ತೂತಿನಲ್ಲಿ ಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಷರ್ ಹೊಸದು ಹಾಕಿ. ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ಹಚ್ಚಿ.

ನಾಲ್ಕು ಸ್ಟ್ರೋಕ್ ಎಂಜಿನ್ ಇರುವವರು ಎಂಜಿನ್ ಆಯಿಲನ್ನೂ ಇಡುವ ಮುಂಚೆಯೇ ಬದಲಾಯಿಸಬೇಕು. ಸುಟ್ಟ ಆಯಿಲಿನಲ್ಲಿ ಆಮ್ಲ, ತೇವ ಎರಡೂ ಇರುತ್ತವೆ. ಆ ಎಂಜಿನ್ನನ್ನು ಕಂಪನಿ ಹೇಳಿದ ಬದಿಗೆ ಮಾತ್ರ ಮಲಗಿಸಬೇಕು. ನಿಮ್ಮದನ್ನು ಮಲಗಿಸುವುದೇ ಬೇಡ. ಮರದ ಸ್ಟ್ಯಾಂಡ್ ಹೊಡೆಸಿ ನೇರ ನಿಲ್ಲಿಸಿ, ಒಳಗಿನ ನೀರು ಪೂರ್ತಿ ಇಳಿಯಲಿ.

ಎಲ್ಲಿ ನಿಲ್ಲಿಸುವುದು? ಈ ಪ್ರಶ್ನೆಗೆ ತೋಟದವರು ತಪ್ಪು ಉತ್ತರ ಕೊಡುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಗೊಬ್ಬರದ ಸ್ಟೋರಿನಲ್ಲಿ ಬೇಡ. ಪೊಟ್ಯಾಷ್ ಅಂದರೆ ಉಪ್ಪಿನ ಜಾತಿಯದ್ದೇ, ತೇವ ಎಳೆದುಕೊಂಡು ನೀರೊಡೆಯುತ್ತದೆ, ಅದರ ಪಕ್ಕ ಅಲ್ಯೂಮಿನಿಯಂ ಇಡುವುದು ಸಮುದ್ರದ ಪಕ್ಕ ಇಟ್ಟ ಹಾಗೆ. ಕೊಟ್ಟಿಗೆಯಲ್ಲಿ ಬೇಡ, ಗಂಜಲದ ಅಮೋನಿಯಾ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್ಟುಗಳಿಗೆ ಆಗುವುದಿಲ್ಲ. ಕಾಫಿ ಗೋದಾಮು ಒಣಗಿರುತ್ತದೆ ನಿಜ, ಆದರೆ ಒಣಗಿಸಿದ ಕಾಫಿಯ (ಚೆರಿಯೋ ಪಾರ್ಚ್‌ಮೆಂಟೋ) ಮೂಟೆ ಉಳಿದಿದ್ದರೆ ಅಲ್ಲಿಯೂ ಬೇಡ. ಕಾಫಿ ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ. ಒಂದು ವರ್ಷದ ಬೆಳೆಗೆ ಪೆಟ್ರೋಲ್ ವಾಸನೆ ಹತ್ತಿಸಿಕೊಳ್ಳುವುದು ಬೇಡ. ಅಡುಗೆ ಮನೆ, ಬಚ್ಚಲ ಒಲೆ ಹತ್ತಿರ ಬೆಚ್ಚಗಿದೆ ಅಂತ ಇಡುವುದು ಅಪಾಯ, ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ. ಕಾರ್ ಶೆಡ್ಡಿನ ಒಳಗೋಡೆ ಕಡೆ, ನೆಲದಿಂದ ಎತ್ತರಕ್ಕೆ, ಹತ್ತಿ ಬಟ್ಟೆ ಹೊದಿಸಿ ನಿಲ್ಲಿಸಿ. ಪ್ಲಾಸ್ಟಿಕ್ ಸುತ್ತಬೇಡಿ. ನೀರು ಚಿಮ್ಮುವ ಸಣ್ಣ ತೂತಿಗೆ ಸೊಳ್ಳೆಪರದೆ ತುಂಡು ಕಟ್ಟಿ, ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಬಹಳ ಇಷ್ಟ.

ಬ್ಯಾಟರಿ ಇದ್ದರೆ ಪೂರ್ತಿ ಚಾರ್ಜ್ ಮಾಡಿ ವೈರ್ ಕಳಚಿಡಿ, 12.4 ವೋಲ್ಟಿಗಿಂತ ಇಳಿದಾಗ ಮತ್ತೆ ಚಾರ್ಜ್ ಮಾಡಿ. ಲೈಫ್ ಜಾಕೆಟ್ ಸೋಪಿನ ನೀರಲ್ಲಿ ಒಗೆದು ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿ ಆಡುವ ಕಡೆ ಹ್ಯಾಂಗರಿಗೆ ನೇತುಹಾಕಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ ಕೆಂಡದ ಮೇಲೆ ಹಾಕಬೇಡಿ, ಒಳಗಿನ ಫೋಮ್ ಕುಗ್ಗಿಹೋಗುತ್ತದೆ. ಕುಗ್ಗಿದ ಜಾಕೆಟ್ ನೋಡಲು ಚೆನ್ನಾಗೇ ಇರುತ್ತದೆ, ನೀರಿನಲ್ಲಿ ಮಾತ್ರ ಎತ್ತುವುದಿಲ್ಲ. ಕಳೆದ ವರ್ಷ ಬೂಷ್ಟು ಹಿಡಿದವುಗಳ ಹೊಲಿಗೆ, ಪಟ್ಟಿ ಎಳೆದು ನೋಡಿ. ಪಿಸಿದರೆ ಹೊಸದು ತನ್ನಿ, ಇದರಲ್ಲಿ ಉಳಿತಾಯ ಬೇಡ.

ನಡುವೆ ತಿಂಗಳಿಗೊಮ್ಮೆ ಹೋಗಿ ನೋಡಿ. ಆಗಸ್ಟ್ ಮೊದಲಲ್ಲಿ ಬರುವ ಕಕ್ಕಡ ಪದಿನೆಟ್ಟ್ ಹಬ್ಬಕ್ಕೆ ಮನೆಯವರೆಲ್ಲ ಸೇರುತ್ತೀರಲ್ಲ, ಅವತ್ತು ಒಂದು ಸುತ್ತು. ಸುರಕ್ಷತಾ ಕ್ಲಿಪ್ ತೆಗೆದೇ ಇರಲಿ, ಹಗ್ಗ ಒಂದೆರಡು ಸಲ ಮೆಲ್ಲಗೆ ಎಳೆಯಿರಿ, ಇಂಪೆಲ್ಲರ್ ರೆಕ್ಕೆ ಒಂದೇ ಕಡೆ ಬಾಗಿ ಕೂರುವುದಿಲ್ಲ. ಇಷ್ಟು ಮೆಲ್ಲಗೆ ತಿರುಗಿಸಿದರೆ ಸುಡುವುದಿಲ್ಲ. ಎಂಜಿನ್ ಮುಚ್ಚಳ ಎತ್ತಿ ಇಲಿ ಗೂಡು ಇದೆಯಾ ನೋಡಿ. ದೋಣಿ ಕೆಳಗೆ ಬಗ್ಗಿ ಗೆದ್ದಲು ನೋಡಿ. ಹತ್ತು ನಿಮಿಷದ ಕೆಲಸ.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಹೊಸ ಪೆಟ್ರೋಲ್, ಹೊಸ ಸ್ಪಾರ್ಕ್ ಪ್ಲಗ್ ಹಾಕಿ. ಸೊಳ್ಳೆಪರದೆ ತುಂಡು ತೆಗೆಯಿರಿ. ಮೊದಲ ಸಲ ಡ್ರಮ್ಮಿನಲ್ಲೇ ಓಡಿಸಿ. ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಡುವವರೆಗೆ ಬಿಳಿ ಹೊಗೆ ಬರುತ್ತದೆ, ಗಾಬರಿ ಬೇಡ. ಪಕ್ಕದಿಂದ ನೀರಿನ ಧಾರೆ ಚಿಮ್ಮುತ್ತಿದೆಯಾ ಅಂತ ಮಾತ್ರ ನೋಡಿ, ಅರ್ಧ ನಿಮಿಷದಲ್ಲಿ ಬರದಿದ್ದರೆ ಆಫ್ ಮಾಡಿ. ಮೊದಲ ದಿನ ದಡ ಬಿಟ್ಟು ದೂರ ಹೋಗಬೇಡಿ, ಹುಟ್ಟು ಜೊತೆಗಿರಲಿ. ದೋಣಿ ನೀರಿಗೆ ತಳ್ಳುವ ಮುಂಚೆ ಎಂಜಿನ್ನಿನ ಹಿಡಿಗೆ ಕಟ್ಟಿದ ಬಿರಡೆ ಬಿಚ್ಚಿ, ಅದರ ರಬ್ಬರ್ ಒಡೆದಿಲ್ಲ ಅಂತ ನೋಡಿ, ತಳಕ್ಕೆ ತಿರುಗಿಸಿ ಬಿಗಿಯಿರಿ.